ಪನೀರಿಗೆ ಆಲ್ಜಿನೇಟ್ ಲೇಪನ: ಗಂಟು ಕಟ್ಟುವುದು ಯಾಕೆ, ಜಾರುವುದು ಯಾಕೆ

ಅಕ್ಕಾ, ನಿಮ್ಮ ತೊಂದರೆ ಮೂರು: ಪನೀರಿನ ಮೇಲೆ ತಿನ್ನಬಹುದಾದ ತೆಳು ಪದರ ಕಟ್ಟಲು ಕಲಸಿದ ಆಲ್ಜಿನೇಟ್ ದ್ರಾವಣ ಗಂಟಾಗುತ್ತೆ, ಪದರ ಜಾರುತ್ತೆ, ಮೂರನೇ ದಿನಕ್ಕೆ ಪನೀರು ಲೋಳೆಯಾಗುತ್ತೆ. ಬೋರ್‌ವೆಲ್ ನೀರು ಹಾಕಿದ್ದೀನಿ ಅಂದಿದ್ದೀರಿ. ಗಂಟಿನ ಮೂಲ ಅದೇ. ಕಡಲಪಾಚಿಯಿಂದ ತೆಗೆದ ಈ ಪುಡಿ ಗಟ್ಟಿಯಾಗುವುದೇ ಕ್ಯಾಲ್ಸಿಯಂ ತಾಗಿದಾಗ; ಗಡಸು ನೀರಿನಲ್ಲಿ ಅದು ಇರುವುದರಿಂದ ಕಲಸುವಾಗಲೇ ಹೆಪ್ಪುಗಟ್ಟಲು ಶುರುವಾಗುತ್ತೆ. ಕುದಿಸಿದರೂ ಗಡಸು ಪೂರ್ತಿ ಹೋಗಲ್ಲ. ಆರ್‌ಓ ನೀರೇ ಬೇಕು.

1 ಲೀಟರಿಗೆ 20 ಗ್ರಾಂ ಸೋಡಿಯಂ ಆಲ್ಜಿನೇಟ್ (ಪ್ಯಾಕೆಟ್ ಮೇಲೆ ಐಎನ್‌ಎಸ್ 401 ಅನ್ನುವ ಆಹಾರ-ಸೇರ್ಪಡೆ ಸಂಖ್ಯೆ ಇರಲಿ), 15 ಗ್ರಾಂ ತಿನ್ನುವ ದರ್ಜೆಯ (ಫುಡ್ ಗ್ರೇಡ್) ಗ್ಲಿಸರಿನ್. ಮೊದಲು ಪುಡಿಗೆ ಗ್ಲಿಸರಿನ್ ಹಾಕಿ ಒದ್ದೆ ಮರಳಿನಂತೆ ಕಲಸಿ. ಆಮೇಲೆ 60–70 ಡಿಗ್ರಿ ಬಿಸಿ ನೀರಿಗೆ ಸ್ವಲ್ಪಸ್ವಲ್ಪವೇ ಉದುರಿಸುತ್ತಾ ಹ್ಯಾಂಡ್ ಬ್ಲೆಂಡರ್ ಆಡಿಸಿ. ರಾತ್ರಿಯೆಲ್ಲಾ ಮುಚ್ಚಿ ಫ್ರಿಜ್‌ನಲ್ಲಿಡಿ, ನೊರೆ ಇಳಿಯಬೇಕು. ಉಳಿದ ಗುಳ್ಳೆಗಳೇ ಪದರದಲ್ಲಿ ಸಣ್ಣ ತೂತಾಗುತ್ತವೆ. ಗ್ಲಿಸರಿನ್ ಬಿಟ್ಟರೆ ಪದರ ಒಣಗಿ ಬಿರಿಯುತ್ತೆ.

ಇನ್ನು ಜಾರುವ ವಿಷಯ. ನಿಂಬೆಹುಳಿ ಹಾಕಿ ಹಾಲು ಒಡೆಸಿದಾಗ ಹಾಲಿನ ಕ್ಯಾಲ್ಸಿಯಂ ಸಾಕಷ್ಟು ತಿಳಿನೀರಿಗೆ ಇಳಿದಿರುತ್ತೆ. ತುಂಡಿನ ಮೇಲೆ ಆ ತಿಳಿ ಜಿನುಗುತ್ತಿದ್ದರೆ ಆಲ್ಜಿನೇಟ್ ಪನೀರಿಗೆ ಹಿಡಿಯುವ ಬದಲು ಆ ನೀರಿನ ಪೊರೆಯಲ್ಲೇ ಗಟ್ಟಿಯಾಗಿ, ಬಾಳೆಹಣ್ಣಿನ ಸಿಪ್ಪೆಯಂತೆ ಕಳಚಿಕೊಳ್ಳುತ್ತೆ. ಒತ್ತಿ ತಣಿಸಿದ ಪನೀರನ್ನು ಸ್ಟೀಲ್ ಜಾಲರಿಯ ಮೇಲೆ ಅರ್ಧ ಗಂಟೆ ಫ್ರಿಜ್‌ನಲ್ಲಿ ಸೋರಲು ಬಿಡಿ. ಮುಟ್ಟಿದರೆ ಬೆರಳಿಗೆ ತೇವ ಇರಲಿ, ಹನಿ ಬೇಡ.

ಆಲ್ಜಿನೇಟ್‌ನಲ್ಲಿ 1 ನಿಮಿಷ ಅದ್ದಿ, 2 ನಿಮಿಷ ಸೋರಿಸಿ. ಮುಂದೆ ಕ್ಯಾಲ್ಸಿಯಂ ಕ್ಲೋರೈಡ್ ನೀರು: 1 ಲೀಟರಿಗೆ 20 ಗ್ರಾಂ, ಇದೂ ತಿನ್ನುವ ದರ್ಜೆಯದೇ. ಅದರಲ್ಲಿ 1–2 ನಿಮಿಷ ಸಾಕು, ಹೆಚ್ಚಾದರೆ ಕಹಿ ನಿಲ್ಲುತ್ತೆ. ಕುದಿಸಿ ತಣಿಸಿದ ನೀರಿನಲ್ಲಿ ಒಮ್ಮೆ ಜಾಲಾಡಿ, ಸೋರಿಸಿ, ಕವರ್‌ಗೆ ಹಾಕಿ 4 ಡಿಗ್ರಿಯಲ್ಲಿಡಿ. ಈ ಪದರ ತೇವಾಂಶವನ್ನು ಅಷ್ಟಾಗಿ ತಡೆಯಲ್ಲ, ಕವರ್ ತಪ್ಪಿಸಬೇಡಿ. ಎರಡು ಪಾತ್ರೆಗೂ ಬೇರೆಬೇರೆ ಇಕ್ಕಳ ಇರಲಿ. ಕ್ಯಾಲ್ಸಿಯಂ ಹನಿ ಆಲ್ಜಿನೇಟ್ ಪಾತ್ರೆಗೆ ಬಿದ್ದರೆ ಮತ್ತೆ ಗಂಟು.

ಲೋಳೆಗೆ ಮದ್ದು ಲೇಪನದಲ್ಲಿಲ್ಲ. ಪನೀರು ಕೆಡುವುದು ಮೇಲ್ಮೈಯಿಂದ. ಕುದಿದ ಹಾಲಿನಿಂದ ಬಂದ ಗಡ್ಡೆ ಬಹುಮಟ್ಟಿಗೆ ಶುದ್ಧವಾಗಿಯೇ ಇರುತ್ತೆ, ಸೂಕ್ಷ್ಮಜೀವಿ ಹತ್ತುವುದು ಸೋಸುವ ಬಟ್ಟೆ, ಅಚ್ಚು, ಕೈ, ತಣಿಸುವ ನೀರಿನಿಂದ. ಅದರ ಮೇಲೆ ಲೇಪಿಸಿದರೆ ಅವನ್ನು ಒಳಗೇ ಮುಚ್ಚಿಟ್ಟಂತೆ. ಬಟ್ಟೆಯನ್ನು ಪ್ರತಿ ಸಲ ಕುದಿಸಿ, ತಣಿಸುವ ನೀರೂ ಕುದಿಸಿ ಆರಿಸಿದ್ದೇ ಆಗಲಿ. ಉಳಿದ ಆಲ್ಜಿನೇಟ್ ದ್ರಾವಣ ನಾಳೆಗೆ ಅಂತ ಎತ್ತಿಡಬೇಡಿ, ಚೆಲ್ಲಿಬಿಡಿ. ಲವಂಗದೆಣ್ಣೆ ಸೇರಿಸಲೇ ಅಂತ ಕೇಳಿದ್ದಿರಿ: ಸದ್ಯಕ್ಕೆ ಬೇಡ, ವಾಸನೆ ಪಾಲಕ್ ಪನೀರಿನವರೆಗೂ ಬರುತ್ತೆ.

ಪ್ರತಿ ಸಲ ಲೇಪಿಸದ ಒಂದು ತುಂಡನ್ನು ಅದೇ ಫ್ರಿಜ್‌ನಲ್ಲಿಟ್ಟು ದಿನವೂ ಮೂಸಿ, ಮುಟ್ಟಿ ಹೋಲಿಸಿ. ಸಾದಾ ಪನೀರು ತಣ್ಣಗಿದ್ದರೆ ಸುಮಾರು 6 ದಿನ ತಡೆಯುತ್ತೆ. ನಿಮ್ಮದು 3ಕ್ಕೇ ಕೆಡುತ್ತಿದೆ ಅಂದರೆ ಮೊದಲು ಶುಚಿ ಸರಿಮಾಡಿ, ಲೇಪನ ಆಮೇಲೆ. ಮಾರಾಟಕ್ಕಾದರೆ ಆಹಾರ ಸುರಕ್ಷತಾ ಅಧಿಕಾರಿಯನ್ನು ಕೇಳದೆ ಲೇಪಿಸಬೇಡಿ. ಪನೀರಿನ ತೇವಾಂಶ 60% ಮೀರುವಂತಿಲ್ಲ, ಲೇಪನದ ನೀರೂ ತೂಕಕ್ಕೆ ಸೇರುತ್ತೆ.

ಹುರಿಯುವಾಗ ಪದರ ಕರಗಲ್ಲ, ತಿನ್ನಬಹುದು. ಬಟ್ಟೆಯಿಂದ ಒರೆಸಿ ಎಣ್ಣೆಗೆ ಹಾಕಿ, ಇಲ್ಲದಿದ್ದರೆ ಸಿಡಿಯುತ್ತೆ.