ಹಸು ತೇಗಿದರೆ ಭೂಮಿ ಬಿಸಿ ಆಗುತ್ತಾ?

ಪ್ರಶ್ನೆ: ನಮ್ಮಲ್ಲಿ ಎರಡು ಸೀಮೆಹಸು ಇವೆ. ಎರಡರಿಂದ ದಿನಕ್ಕೆ 18 ಲೀಟರ್ ಡೈರಿಗೆ ಹಾಕುತ್ತೇವೆ. ಮೇವು ಅಂದ್ರೆ ಭತ್ತದ ಹುಲ್ಲು, ಸ್ವಲ್ಪ ಹಸಿಹುಲ್ಲು, ಮೇಲೆ ಕೈಗೆ ಬಂದಷ್ಟು ಬೂಸಾ, ಹಿಂಡಿ. ಕಾಲೇಜಿಗೆ ಹೋಗುವ ಮಗಳು "ನಿನ್ ಹಸುಗಳ ಗ್ಯಾಸಿಂದ್ಲೇ ಭೂಮಿ ಕಾಯ್ತಿರೋದು ಅಪ್ಪ" ಅಂತಾಳೆ. ನಿಜವಾ ಸಾರ್? ಮೇವು ಬದಲಿಸಿದರೆ ಕಡಿಮೆ ಆಗುತ್ತಾ?
– ಓದುಗರೊಬ್ಬರು, ಮದ್ದೂರು

ಉತ್ತರ: ನಿಮ್ಮ ಹಸುಗಳಿಂದಲೇ ಅಂತ ಅಲ್ಲ, ಆದರೆ ಅವುಗಳ ಪಾಲೂ ಇದೆ. ಮಗಳು ಹೇಳುವ ಗ್ಯಾಸು ಅಂದ್ರೆ ಮೀಥೇನ್, ಹೊಟ್ಟೆಯಲ್ಲಿ ಮೇವು ಕೊಳೆಯುವಾಗ ಹುಟ್ಟುತ್ತೆ. ಅದು ಜಾಸ್ತಿ ಬರುವುದು ಹಿಂದಿನಿಂದ ಅಲ್ಲ, ಬಾಯಿಂದ. ಮೆಲುಕು ಹಾಕುತ್ತಾ ಮಲಗಿರುತ್ತಲ್ಲ, ಆಗ ಸದ್ದಿಲ್ಲದೆ ತೇಗುತ್ತಿರುತ್ತೆ. ನೂರು ವರ್ಷದ ಲೆಕ್ಕದಲ್ಲಿ ಈ ಗ್ಯಾಸು ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಬಿಸಿ ಹೆಚ್ಚಿಸುತ್ತೆ. ಅದಿರಲಿ, ನೀವು ಕಾಸು ಕೊಟ್ಟು ತಂದ ಮೇವಿನ ಶಕ್ತಿಯಲ್ಲಿ ಶೇ. 6ರಷ್ಟು ಹೀಗೆ ಗಾಳಿಗೆ ಹೋಗುತ್ತೆ ಅಂದ್ರೆ ಹೊಟ್ಟೆ ಉರಿಯಲ್ವಾ?

ಭತ್ತದ ಹುಲ್ಲು ಒರಟು, ಸಾರ ಕಮ್ಮಿ. ಬೇಗ ಜೀರ್ಣ ಆಗಲ್ಲ, ಹಾಲಿನ ಲೆಕ್ಕಕ್ಕೆ ಗ್ಯಾಸು ಜಾಸ್ತಿ. ಮೊದಲು ಅದನ್ನೇ ಪಳಗಿಸಿ. 100 ಕೆಜಿ ಒಣಹುಲ್ಲಿಗೆ 4 ಕೆಜಿ ಯೂರಿಯಾವನ್ನು 40–50 ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿ, ಪದರ ಪದರವಾಗಿ ಚಿಮುಕಿಸಿ, ತುಳಿದು, ಪ್ಲಾಸ್ಟಿಕ್ ಹೊದಿಸಿ ಗಾಳಿಯಾಡದಂತೆ 21 ದಿನ ಬಿಡಿ. ತೆಗೆದ ಮೇಲೆ ಘಾಟು ಹೋಗುವವರೆಗೆ ಹರವಿ ಆಮೇಲೆ ಹಾಕಿ. ಆರು ತಿಂಗಳೊಳಗಿನ ಕರುಗೆ ಬೇಡ. ಯೂರಿಯಾವನ್ನು ನೇರ ಬಾನಿಗೆ ಸುರಿಯುವ ಸಾಹಸ ಮಾಡಬೇಡಿ, ಹಸು ಸತ್ತೇ ಹೋಗಬಹುದು. ಬದುವಿನಲ್ಲಿ ಅಲಸಂದೆಯೋ ಕುದುರೆಮೆಂತ್ಯವೋ ಬೆಳೆದು ಹಸಿಹುಲ್ಲಿನ ಜೊತೆ ಕತ್ತರಿಸಿ ಹಾಕಿ.

ಇನ್ನು ಆ "ಕೈಗೆ ಬಂದಷ್ಟು" ಬೂಸಾ, ಹಿಂಡಿ. ಅಲ್ಲೇ ಇರೋದು ಎಡವಟ್ಟು. ಬೂಸಾ, ಹಿಂಡಿ ಎರಡೂ ಸೇರಿ ಹಸುವಿನ ಮೈ ಉಳಿಸೋಕೆ ದಿನಕ್ಕೆ ಒಂದೂವರೆ ಕೆಜಿ, ಆಮೇಲೆ ಪ್ರತಿ ಎರಡೂವರೆ ಲೀಟರ್ ಹಾಲಿಗೆ ಒಂದು ಕೆಜಿ. ನಿಮ್ಮ 9 ಲೀಟರಿನ ಹಸುವಿಗೆ ದಿನಕ್ಕೆ ಐದು ಕೆಜಿ ಸಾಕು, ಜೊತೆಗೆ 50 ಗ್ರಾಂ ಖನಿಜ ಮಿಶ್ರಣ. ಹಿಂಡಿ ಅತಿಯಾದರೆ ಹೆಚ್ಚಾದ ಸಾರಜನಕ ಗಂಜಲದಲ್ಲಿ ಹೋಗುತ್ತೆ. ಬೆಳಿಗ್ಗೆ ಕೊಟ್ಟಿಗೆ ಬಾಗಿಲು ತೆಗೆದ ಕೂಡಲೇ ಕಣ್ಣುರಿಸುವ ಘಾಟು ಬಂದರೆ ಅದೂ ಒಂದು ಕಾರಣ ಇರಬಹುದು. ಸಗಣಿಯನ್ನೂ ಕಾಲಲ್ಲಿ ಸ್ವಲ್ಪ ಹರಡಿ ನೋಡಿ. ಜೋಳದ ಕಾಳು ಇಡಿಇಡಿಯಾಗಿ ಕಂಡರೆ ಕಾಳು ಸರಿಯಾಗಿ ನುರಿದಿಲ್ಲ ಅಂತ.

ಗ್ಯಾಸು ತಗ್ಗಿಸುವ ಪುಡಿಯೂ ಇದೆ. ಬೆಂಗಳೂರಿನ ಆಡುಗೋಡಿಯ ಪಶು ಪೋಷಣೆ ಸಂಸ್ಥೆಯವರು ಗಿಡಗಳ ಒಗರಿನ ಅಂಶದಿಂದ 'ಹರಿತ್ ಧಾರಾ' ಅಂತ ಮಾಡಿದ್ದಾರೆ, ಮೀಥೇನ್ ಶೇ. 17–20 ಇಳಿಯುತ್ತೆ ಅನ್ನುತ್ತಾರೆ. ಆದರೆ ನಾನಾದರೆ ಮೊದಲು ಒಂದು ತೂಕದ ಬುಟ್ಟಿ ತರುತ್ತೇನೆ. ಲೆಕ್ಕ ಬರೆಯುವ ಕೆಲಸ ಮಗಳಿಗೇ ಕೊಡಿ.