ಒಬ್ಬನೇ ಸಲಹೆಗಾರ ಇಷ್ಟು ಬಗೆಯ ಕಾರ್ಖಾನೆ ಸಮಸ್ಯೆಗಳನ್ನು ಹೇಗೆ ಬಿಡಿಸುತ್ತಾನೆ?

ನೀವು ಕೇಳಿದ್ದು ಇಷ್ಟು: ಪ್ರೊಡಕ್ಷನ್‌ನಲ್ಲಿ ಕೆಲವು ವರ್ಷ ದುಡಿದ ಮೆಕ್ಯಾನಿಕಲ್ ಎಂಜಿನಿಯರ್, ಪುಣೆಯಲ್ಲಿದ್ದೀರಿ, ಭೋಸರಿ, ಚಾಕಣ ಕಡೆಯ ಸಣ್ಣ ಕಾರ್ಖಾನೆಗಳಿಗೆ ಸಲಹೆಗಾರರಾಗಬೇಕೆಂದಿದ್ದೀರಿ. ಒಂದು ಕಡೆ ರಿಜೆಕ್ಷನ್ (ತಪಾಸಣೆಯಲ್ಲಿ ತಿರಸ್ಕಾರವಾಗುವ ಮಾಲು), ಇನ್ನೊಂದು ಕಡೆ ಕರೆಂಟ್ ಬಿಲ್, ಮತ್ತೊಂದು ಕಡೆ ಬಾಕಿ ವಸೂಲಿ. ಇಷ್ಟೆಲ್ಲ ಒಬ್ಬರಿಗೆ ಹೇಗೆ ಗೊತ್ತಿರುತ್ತದೆ?

ಗೊತ್ತಿರುವುದಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಮಾಲೀಕರ ದೂರನ್ನು ಅಳತೆಗೆ ಸಿಗುವ ಪ್ರಶ್ನೆಯಾಗಿ ಮಾಡಿಕೊಳ್ಳಲು ಬಂದರೆ ಸಾಕು. ‘ರಿಜೆಕ್ಷನ್ ಜಾಸ್ತಿಯಾಗಿದೆ’ ಎಂದರೆ ಏನೂ ಹೇಳಿದಂತಾಗಲಿಲ್ಲ. ಯಾವ ಜಾಬ್ (ಮಷೀನ್ ಮೇಲೆ ತಯಾರಾಗುವ ಬಿಡಿಭಾಗ), ಯಾವ ಅಳತೆ, ಯಾವ ಮಷೀನ್, ಶಿಫ್ಟಿನ ಯಾವ ಗಂಟೆ? ಈ ನಾಲ್ಕು ಸಿಗುವ ತನಕ ನಾನು ಉಪಾಯ ಹೇಳುವುದಿಲ್ಲ, ಮಾಲೀಕರು ಎಷ್ಟೇ ಅವಸರ ಮಾಡಲಿ.

ರಿಜೆಕ್ಷನ್ನನ್ನೇ ತೆಗೆದುಕೊಳ್ಳಿ. ಅಲ್ಯೂಮಿನಿಯಂ ಹೌಸಿಂಗ್, 80 ಮಿ.ಮೀ. ಬೋರ್ (ಕೊರೆದ ರಂಧ್ರ), ಎಚ್7 ಟಾಲರೆನ್ಸ್ (ಅಳತೆಯಲ್ಲಿ ಒಪ್ಪಬಹುದಾದ ಏರುಪೇರಿನ ಒಂದು ದರ್ಜೆ), ಅಂದರೆ ಆಡಲು ಇರುವುದು 30 ಮೈಕ್ರಾನ್ (ಮಿ.ಮೀ.ನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್). ಮಷೀನ್ ಬಳಿ ಪಾಸಾದ ಜಾಬ್ ಎಸಿ ಇರುವ ಕ್ಯೂಸಿ (ಗುಣಮಟ್ಟ ತಪಾಸಣೆ) ರೂಮಿನಲ್ಲಿ ಬೋರ್ ಚಿಕ್ಕದೆಂದು ಫೇಲಾಗುತ್ತದೆ, ಆಪರೇಟರ್ ಮತ್ತು ಇನ್‌ಸ್ಪೆಕ್ಟರ್ ಜಗಳಕ್ಕೆ ನಿಲ್ಲುತ್ತಾರೆ. ಇಬ್ಬರ ಅಳತೆಯೂ ಸರಿಯೇ. ಅಲ್ಯೂಮಿನಿಯಂ ಒಂದು ಮೀಟರಿಗೆ, ಒಂದು ಡಿಗ್ರಿಗೆ ಸುಮಾರು 23 ಮೈಕ್ರಾನ್ ಹಿಗ್ಗುತ್ತದೆ. ಅಳತೆಗೆಂದು ಜಗತ್ತು ಒಪ್ಪಿಕೊಂಡ ಉಷ್ಣತೆ 20 ಡಿಗ್ರಿ. ಜಾಬ್ 30 ಡಿಗ್ರಿಯಲ್ಲಿದ್ದರೆ 80 ಮಿ.ಮೀ. ಬೋರ್ ಸುಮಾರು 18 ಮೈಕ್ರಾನ್ ದೊಡ್ಡದಾಗಿ ಕಾಣುತ್ತದೆ. ಟಾಲರೆನ್ಸಿನ ಅರ್ಧಕ್ಕಿಂತ ಹೆಚ್ಚು ಅಲ್ಲೇ ಹೋಯಿತು. ಬಿಸಿ ಜಾಬ್ ಅಳೆದು ‘ದೊಡ್ಡದಾಗ್ತಿದೆ’ ಎಂದು ಆಪರೇಟರ್ ಆಫ್‌ಸೆಟ್ (ಮಷೀನ್‌ಗೆ ಕೊಡುವ ಅಳತೆಯ ತಿದ್ದುಪಡಿ) ಕಡಿಮೆ ಮಾಡಿದರೆ, ತಣ್ಣಗಾದ ಮೇಲೆ ಬೋರ್ ಇನ್ನೂ ಕುಗ್ಗಿರುತ್ತದೆ.

ಬೋರ್ ಗೇಜನ್ನು ಸ್ಟೀಲ್ ರಿಂಗ್ ಗೇಜ್ (ನಿಖರ ಅಳತೆಯ ಬಳೆ) ಮೇಲೆ ಜೀರೋ ಮಾಡುತ್ತೇವಲ್ಲ, ರಿಂಗನ್ನೂ ಜಾಬ್ ಜೊತೆಗೇ ಇಟ್ಟರೆ ಸರಿಹೋಗುತ್ತದೆ ಎಂದು ಹಲವರು ನಂಬಿದ್ದಾರೆ. ಪೂರ್ತಿ ಹೋಗುವುದಿಲ್ಲ. ಸ್ಟೀಲ್ ಹಿಗ್ಗುವುದು ಅಲ್ಯೂಮಿನಿಯಂನ ಅರ್ಧದಷ್ಟೇ, ಎರಡೂ 30 ಡಿಗ್ರಿಯಲ್ಲಿದ್ದರೂ 9 ಮೈಕ್ರಾನ್ ವ್ಯತ್ಯಾಸ ಉಳಿಯುತ್ತದೆ.

ಪತ್ತೆ ಮಾಡುವುದು ಹೀಗೆ. ಒಂದರ ಹಿಂದೊಂದು ಬಂದ 20 ಜಾಬ್‌ಗಳಿಗೆ ಮಾರ್ಕರ್‌ನಿಂದ ನಂಬರ್ ಹಾಕಿ. ಪ್ರತಿಯೊಂದಕ್ಕೂ ಸಮಯ, ಜಾಬ್‌ನ ಉಷ್ಣತೆ, ಬೋರಿನ ಅಳತೆ ಎರಡು ದಿಕ್ಕಿನಲ್ಲಿ ಬರೆಯಿರಿ. ನಾಲ್ಕು ಗಂಟೆ ಕ್ಯೂಸಿ ರೂಮಿನಲ್ಲಿಟ್ಟು ಅವನ್ನೇ ಮತ್ತೆ ಅಳೆಯಿರಿ. ಆ 20 ಮುಗಿಯುವ ತನಕ ಯಾರೂ ಆಫ್‌ಸೆಟ್ ಮುಟ್ಟಬಾರದು. ಬಿಸಿ ಮತ್ತು ತಣ್ಣನೆಯ ಅಳತೆಗಳ ನಡುವೆ ಒಂದೇ ಸಮನಾದ ಅಂತರವಿದ್ದರೆ ಕಾರಣ ಉಷ್ಣತೆ: ಜಾಬ್ ಯಾವ ಲೋಹದ್ದೋ ಅದೇ ಲೋಹದ ಮಾಸ್ಟರ್ ರಿಂಗ್ ಮಾಡಿಸಿ, ಇಲ್ಲವೇ ತಣಿಸಿ ಅಳೆಯಿರಿ. ತಣ್ಣನೆಯ ಅಳತೆಯೇ ಬೆಳಿಗ್ಗೆಯಿಂದ ಒಂದೇ ದಿಕ್ಕಿಗೆ ಸರಿಯುತ್ತಾ ಬಂದು ಆಮೇಲೆ ನಿಂತರೆ ಮಷೀನ್ ಬಿಸಿಯೇರುವಾಗ ಸರಿಯುತ್ತಿದೆ; ಶಿಫ್ಟ್ ಆರಂಭದಲ್ಲಿ 15–20 ನಿಮಿಷ ವಾರ್ಮ್‌ಅಪ್ ಪ್ರೋಗ್ರಾಂ ಓಡಿಸಿ ನೋಡಿ. ಎರಡು ದಿಕ್ಕಿನ ಅಳತೆ ಬೇರೆಬೇರೆಯಾದರೆ ಜಾಬನ್ನು ಹಿಡಿದಿಡುವ ಚಕ್ ಅಥವಾ ಫಿಕ್ಸ್‌ಚರ್ ಅದನ್ನು ಹಿಸುಕುತ್ತಿರಬಹುದು. ನಡುವೆ ಥಟ್ಟನೆ ಜಿಗಿದಿದ್ದರೆ ಇನ್ಸರ್ಟ್ (ಲೋಹ ಕತ್ತರಿಸುವ ಅಲಗು) ಬದಲಿಸಿದ ಹೊತ್ತನ್ನು ನೋಡಿ. ಇಡೀ ಕೆಲಸ ಕೆಡುವುದು ಅಂಕಿಯ ಜಾಗದಲ್ಲಿ ‘ಓಕೆ’ ಎಂದು ಬರೆದಾಗ.

ಆಪರೇಟರ್ ಜೊತೆ ಮಾತಾಡುವಾಗ ಸೂಪರ್‌ವೈಸರ್ ಪಕ್ಕದಲ್ಲಿರಬಾರದು. ಇಲ್ಲಿನ ಶಾಪ್‌ಗಳಲ್ಲಿ ಕಲಬುರಗಿ, ವಿಜಯಪುರ ಕಡೆಯ ಹುಡುಗರು ಸಿಗುತ್ತಾರೆ. ‘ಆಫ್‌ಸೆಟ್ ಯಾವಾಗ ಯಾವಾಗ ಕೊಡ್ತೀಯೋ ತಮ್ಮಾ?’ ಎಂದು ನಮ್ಮ ಭಾಷೆಯಲ್ಲೇ ಕೇಳಿದರೆ ದಾಖಲೆ ಪುಸ್ತಕದಲ್ಲಿಲ್ಲದ ಮಾಹಿತಿ ಕೈಗೆ ಬರುತ್ತದೆ.

ಕರೆಂಟ್ ಬಿಲ್ ವಿಷಯದಲ್ಲಿ ನಾನು ಮೊದಲು ಹೋಗುವುದು ಮಷೀನ್‌ಗಳಿಗೆ ಒತ್ತಡದ ಗಾಳಿ ಕೊಡುವ ಕಂಪ್ರೆಸರ್ ಹತ್ತಿರ. ಭೋಸರಿ ಕಡೆ ವಾರದ ರಜೆ ಗುರುವಾರ, ಗಾಳಿ ಸೋರಿಕೆ ಅಳೆಯಲು ಅದೇ ಒಳ್ಳೆಯ ದಿನ. ಮಷೀನ್‌ಗಳೆಲ್ಲ ನಿಂತಿರಲಿ, ಆದರೆ ಅವುಗಳಿಗೆ ಹೋಗುವ ಗಾಳಿಯ ವಾಲ್ವ್ ತೆರೆದೇ ಇರಲಿ, ಇಲ್ಲದಿದ್ದರೆ ಮಷೀನ್ ಒಳಗಿನ ಸೋರಿಕೆ ತಪ್ಪಿಸಿಕೊಳ್ಳುತ್ತದೆ. ಕಂಪ್ರೆಸರ್ ಓಡಿಸಿ, ಸೆಟ್ ಪ್ರೆಶರ್ ತಲುಪಿದ ಮೇಲೆ ಲೋಡ್ ಸಮಯ (ಗಾಳಿ ತುಂಬುವ ಹೊತ್ತು) ಮತ್ತು ಅನ್‌ಲೋಡ್ ಸಮಯವನ್ನು (ಗಾಳಿ ತುಂಬದೆ ಸುಮ್ಮನೆ ಓಡುವ ಹೊತ್ತು) ನಾಲ್ಕೈದು ಸುತ್ತು ಬರೆದುಕೊಳ್ಳಿ. ಲೋಡ್ ಒಂದೂವರೆ ನಿಮಿಷ, ಅನ್‌ಲೋಡ್ ಮೂರೂವರೆ ನಿಮಿಷವಾದರೆ ಒಟ್ಟು ಐದರಲ್ಲಿ ಒಂದೂವರೆ, ಅಂದರೆ ಸೋರಿಕೆ ಕಂಪ್ರೆಸರ್ ಸಾಮರ್ಥ್ಯದ 30 ಪ್ರತಿಶತ. ಸ್ಪಿಂಡಲ್‌ನ ಏರ್ ಪರ್ಜ್ (ಕೊಳೆ ಒಳಗೆ ಬಾರದಂತೆ ಬೀಸುವ ಗಾಳಿ) ಚಾಲೂ ಇದ್ದರೆ ಅದನ್ನು ಕಳೆಯಬೇಕು. ವಿಎಫ್‌ಡಿ (ಮೋಟಾರಿನ ವೇಗ ಬದಲಿಸುವ ಸಾಧನ) ಇರುವ ಕಂಪ್ರೆಸರ್‌ಗೆ ಈ ಲೆಕ್ಕ ನಡೆಯದು. ಅಲ್ಲಿ ಕಂಪ್ರೆಸರ್ ನಿಲ್ಲಿಸಿ ರಿಸೀವರ್‌ನ (ಗಾಳಿ ಶೇಖರಿಸುವ ಟ್ಯಾಂಕಿನ) ಪ್ರೆಶರ್ ಎಷ್ಟು ಬೇಗ ಇಳಿಯುತ್ತದೆಂದು ನೋಡಬೇಕು.

ಉಳಿತಾಯದ ಲೆಕ್ಕದಲ್ಲಿ ಹೊಸಬರು ಎಡವುವ ಜಾಗ ಒಂದಿದೆ. 30 ಕಿಲೋವ್ಯಾಟ್ ಸ್ಕ್ರೂ ಕಂಪ್ರೆಸರ್, ಸೋರಿಕೆ 30ರಿಂದ 10 ಪ್ರತಿಶತಕ್ಕೆ ಇಳಿಯಿತು ಎನ್ನೋಣ. 20 ಪ್ರತಿಶತ ಎಂದರೆ 6 ಕಿಲೋವ್ಯಾಟ್ ಉಳಿಯಿತೆಂದು ಬರೆಯುತ್ತಾರೆ. ಸ್ಕ್ರೂ ಕಂಪ್ರೆಸರ್ ಅನ್‌ಲೋಡ್‌ನಲ್ಲೂ ಸುಮಾರು 30 ಪ್ರತಿಶತ ಕರೆಂಟ್ ತಿನ್ನುತ್ತದೆ, ಹಾಗಾಗಿ ನಿಜವಾಗಿ ಉಳಿಯುವುದು 4.2 ಕಿಲೋವ್ಯಾಟ್. ವರ್ಷಕ್ಕೆ 6,000 ಗಂಟೆ, ಯೂನಿಟ್‌ಗೆ 9 ರೂಪಾಯಿ ಹಿಡಿದರೆ ಸುಮಾರು 2.27 ಲಕ್ಷ ರೂಪಾಯಿ. ಅಳೆಯುವಾಗ ಆಂಪಿಯರ್ ಸಾಲದು, ಕಿಲೋವ್ಯಾಟ್ ತೋರಿಸುವ ಮೀಟರ್ ಬೇಕು: ಅನ್‌ಲೋಡ್‌ನಲ್ಲಿ ಪವರ್ ಫ್ಯಾಕ್ಟರ್ (ಹರಿಯುವ ಕರೆಂಟಿನಲ್ಲಿ ಕೆಲಸಕ್ಕೆ ಬರುವ ಪಾಲು) ಬೀಳುವುದರಿಂದ ಆಂಪಿಯರ್ ನಿಮ್ಮನ್ನು ದಾರಿ ತಪ್ಪಿಸುತ್ತದೆ. ಸೋರುವ ಜಾಗಗಳು ಎಲ್ಲ ಕಡೆ ಹೆಚ್ಚುಕಡಿಮೆ ಅವೇ: ಪುಶ್ ಫಿಟಿಂಗ್, ಏರ್ ಗನ್, ಫಿಲ್ಟರ್ ಬೌಲ್, ತೆರೆದೇ ಸಿಕ್ಕಿಕೊಂಡ ಆಟೋ ಡ್ರೇನ್ (ನೀರು ಹೊರಹಾಕುವ ವಾಲ್ವ್). ಸಾಬೂನು ನೀರು ಹಚ್ಚಿ, ಟ್ಯಾಗ್ ಕಟ್ಟಿ, ರಿಪೇರಿಯಾದ ಮೇಲೆ ಅದೇ ಅಳತೆ ಇನ್ನೊಮ್ಮೆ. ಶುರುವಿಗೆ ನೀವು ಹಿಡಿಯಬೇಕಾದ ಕೆಲಸ ಇದೇ. ಫಲಿತಾಂಶ ಮೀಟರ್‌ನಲ್ಲೇ ಕಾಣುವುದರಿಂದ ಮಾಲೀಕರ ನಂಬಿಕೆ ಬೇಗ ಬರುತ್ತದೆ.

ಸೆಟಿಂಗ್ ಟೈಮ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಹಳೆಯ ಜಾಬ್‌ನ ಕೊನೆಯ ಪೀಸಿನಿಂದ ಹೊಸ ಜಾಬ್‌ನ ಮೊದಲ ಒಳ್ಳೆಯ ಪೀಸಿನ ತನಕ ಮೊಬೈಲ್‌ನಲ್ಲಿ ವಿಡಿಯೋ ಮಾಡಿ, ಮಷೀನ್ ನಿಂತಿದ್ದಾಗಲೇ ಮಾಡಬೇಕಾದ ಕೆಲಸ ಯಾವುದು, ಮೊದಲೇ ಮಾಡಿಟ್ಟುಕೊಳ್ಳಬಹುದಾದದ್ದು ಯಾವುದು ಎಂದು ವಿಂಗಡಿಸಿ. ಕೈಗಾರಿಕಾ ಎಂಜಿನಿಯರ್ ಶಿಗಿಯೋ ಶಿಂಗೊ ಜಪಾನಿನಲ್ಲಿ ಹಾಕಿಕೊಟ್ಟ ದಾರಿ ಇದು. ಸಣ್ಣ ಶಾಪ್‌ಗಳಲ್ಲಿ ದೊಡ್ಡ ತುಂಡು ಹೊತ್ತು ಹೋಗುವುದು ಸ್ಪ್ಯಾನರ್ ಕೆಲಸಕ್ಕಲ್ಲ, ಮೊದಲ ಪೀಸ್ ಅಪ್ರೂವಲ್‌ಗೆ ಕ್ಯೂಸಿಯವರ ದಾರಿ ಕಾಯುವುದಕ್ಕೆ.

ಬಾಕಿ ವಸೂಲಿಗೂ ಹೀಗೇ ಒಂದು ಪಟ್ಟಿ ಮಾಡಿ. ಮಾಲು ಕಳಿಸಿದ್ದು, ಬಿಲ್ ಹಾಕಿದ್ದು, ಗಿರಾಕಿ ಮಾಲು ಒಪ್ಪಿದ್ದು, ಹಣ ಬಂದದ್ದು, ನಾಲ್ಕು ತಾರೀಖು ಪಕ್ಕಪಕ್ಕ ಬರೆದರೆ ತಡ ಎಲ್ಲಿದೆಯೆಂದು ತಿಳಿಯುತ್ತದೆ. ಪಿಒ (ಖರೀದಿ ಆದೇಶ) ನಂಬರ್ ತಪ್ಪಾಗಿ, ಟೆಸ್ಟ್ ಸರ್ಟಿಫಿಕೇಟ್ ಇಲ್ಲದೆ ಬಿಲ್ ಮೂಲೆಗೆ ಬಿದ್ದಿದ್ದರೆ ಅದು ನಮ್ಮ ಕಡೆಯ ತಡ, ಅದನ್ನು ಆಫೀಸಿನಲ್ಲೇ ಸರಿಮಾಡಿ. ಮಾಲು ಒಪ್ಪಿದ ಮೇಲೂ ಹಣ ನಿಂತಿದ್ದರೆ 2006ರ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ, ಮಧ್ಯಮ ಉದ್ಯಮಗಳ) ಕಾಯ್ದೆ ಇದೆ: ಲಿಖಿತ ಒಪ್ಪಂದವಿದ್ದರೂ ಗರಿಷ್ಠ 45 ದಿನ, ಒಪ್ಪಂದವಿಲ್ಲದಿದ್ದರೆ 15 ದಿನ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೇಳಬಹುದು. ಮಾಲು ಕಳಿಸುವ ಮೊದಲೇ ಉದ್ಯಮ್ ನೋಂದಣಿ (ಇಂಥ ಉದ್ಯಮಗಳ ಸರ್ಕಾರಿ ನೋಂದಣಿ) ಆಗಿರಬೇಕು, ಬಿಲ್ ಮೇಲೆ ಆ ನಂಬರ್ ಇದ್ದರೆ ಗಿರಾಕಿಯ ಅಕೌಂಟ್ಸ್‌ನವರಿಗೆ ಬೇರೆ ನೆನಪಿನೋಲೆ ಬೇಕಾಗುವುದಿಲ್ಲ.