ಲೋಡ್ ರೇಂಜ್ ಇ ಸಾಕಾ, ಜಿ ಬೇಕಾ?

ನಿಮ್ಮ ಫಿಫ್ತ್ ವೀಲ್ ಟ್ರೇಲರ್ (ಪಿಕಪ್ ಟ್ರಕ್ಕಿನ ಹಿಂಭಾಗದ ಮೇಲೆ ಕೂರೋ ಮನೆ-ಗಾಡಿ) 16,000 ಪೌಂಡಿಂದು, ಎರಡು ಆಕ್ಸಲ್, ಈಗಿರೋ ಟೈರು ಎಸ್‌ಟಿ (ಟ್ರೇಲರಿಗೇ ಮಾಡಿದ್ದು) 235/80 ಆರ್16, ಲೋಡ್ ರೇಂಜ್ (ಟೈರು ಎಷ್ಟು ಹೊರುತ್ತೆ ಅನ್ನೋ ದರ್ಜೆ) ಇ. ಅದನ್ನೇ ಮತ್ತೆ ಹಾಕ್ಲಾ, ಜಿಗೆ ಹೋಗ್ಲಾ ಅಂತ ಕೇಳಿದೀರಿ. ಜಿಗೇ ಹೋಗಿ, ರಿಮ್ ತಡೆಯೋ ಹಾಗಿದ್ರೆ.

ಲೆಕ್ಕ ನೋಡಿ. ಸುಮಾರು 20 ಪರ್ಸೆಂಟ್ ತೂಕ ಟ್ರಕ್ಕಿಗೆ ಸಿಕ್ಕಿಸೋ ಪಿನ್ ಮೇಲೆ, ಅಂದ್ರೆ ಟ್ರಕ್ಕಿನ ಮೇಲೆ ಹೋಗುತ್ತೆ. ಉಳಿದ 12,800 ನಾಲ್ಕು ಟೈರಿಗೆ ಹಂಚಿದ್ರೆ ತಲಾ 3,200. ಇ ಟೈರು 80 ಪಿಎಸ್‌ಐ ಗಾಳಿ ಒತ್ತಡದಲ್ಲಿ ಹೊರೋದು 3,520. ಕಾಗದದ ಮೇಲೆ ಸರಿಯೇ. ಆದ್ರೆ ಅಡುಗೆಮನೆ, ಫ್ರಿಜ್, ದೊಡ್ಡ ಸ್ಲೈಡ್ (ಹೊರಕ್ಕೆ ಜಾರೋ ಕೋಣೆ) ಎಲ್ಲಾ ಒಂದೇ ಪಕ್ಕಕ್ಕಿದ್ರೆ ಮಿಕ್ಕ ಆ 320 ಪೌಂಡು ಎಲ್ಲಿ ಉಳಿಯುತ್ತೆ? ಜಿ ಆದ್ರೆ 110 ಪಿಎಸ್‌ಐಗೆ 4,400 ಹೊರುತ್ತೆ.

ಅಂಗಡಿಯವರು ಸಾಮಾನ್ಯವಾಗಿ ಹೇಳದೇ ಇರೋ ವಿಷಯ ರಿಮ್‌ದು. ಒಂದು ಚಕ್ರ ಬಿಚ್ಚಿ ಒಳಮೈ ನೋಡಿ, ಎಷ್ಟು ಲೋಡು, ಎಷ್ಟು ಪಿಎಸ್‌ಐ ಅಂತ ಅಚ್ಚು ಹಾಕಿರ್ತಾರೆ. ಅಲ್ಲಿ 80 ಅಂತಿದ್ರೆ 110 ತುಂಬೋಕಾಗಲ್ಲ. ಹೊಸ ರಿಮ್ಮಿನ ಖರ್ಚೂ ಸೇರಿಸ್ಕೊಳ್ಳಿ. ವಾಲ್ವ್ ರಬ್ಬರಿಂದು ಬೇಡವೇ ಬೇಡ, ಬೋಲ್ಟ್ ಹಾಕಿ ಬಿಗಿಯೋ ಲೋಹದ್ದೇ ಬೇಕು.

ಕೊಳ್ಳೋ ಮುಂಚೆ ಸಾಮಾನು, ನೀರು ಎಲ್ಲಾ ತುಂಬಿಸಿ ಟ್ರಕ್ ಸ್ಟಾಪಿನ ಕ್ಯಾಟ್ ಸ್ಕೇಲ್ (ಗಾಡಿ ತೂಗೋ ತೂಕದ ಯಂತ್ರ) ಮೇಲೆ ತೂಗಿಸಿ. ಎಡ-ಬಲ ಬೇರೆ ಬೇರೆಯಾಗಿ ಅದು ತೋರಿಸಲ್ಲ, ಆಕ್ಸಲ್‌ಗಳ ಒಟ್ಟು ತೂಕವಂತೂ ಸಿಗುತ್ತೆ. ಫಿಟ್ ಮಾಡಿಸುವಾಗ ಟೈರಿನ ಪಕ್ಕದಲ್ಲಿ ಅಚ್ಚಾಗಿರೋ ಡಿಒಟಿ ಕೋಡಿನ ಕೊನೇ ನಾಲ್ಕು ಅಂಕಿ, ಅಂದ್ರೆ ತಯಾರಾದ ದಿನಾಂಕ ಓದಿ: 2324 ಅಂದ್ರೆ 2024ರ 23ನೇ ವಾರ. ಗೋಡೌನಲ್ಲಿ ಎರಡು ವರ್ಷ ಕೂತಿದ್ದ ಮಾಲು ಕೊಟ್ರೆ ವಾಪಸ್ ಕಳಿಸಿ, ಸಂಕೋಚ ಬೇಡ.